ಅಮ್ಮನ ಹೆಸರಿನ ವಾರ

ಅಣ್ಣನಿಗೆ,

ಕ್ಷೇಮ ವಿಚಾರಿಸುವ ಮನಸ್ಸಿಲ್ಲ, ನೇರ ವಿಷಯಕ್ಕೇ ಬರುತ್ತೇನೆ.

ಬೆಟ್ಟದ ರೆಸಾರ್ಟಿನಲ್ಲಿ ಅಮ್ಮನ ಹೆಸರಿಗೆ ವರ್ಷಕ್ಕೊಂದು ವಾರ ತಂಗುವ ಹಕ್ಕಿದೆ. ಆ ವಾರವನ್ನು ವರ್ಷ ಮುಂಚೆಯೇ, ಇಂಥ ವಾರಗಳನ್ನು ಅದಲುಬದಲು ಮಾಡಿಕೊಡುವ ಎಕ್ಸ್‌ಚೇಂಜ್ ಕಂಪನಿಗೆ ಡೆಪಾಸಿಟ್ ಹಾಕಿದರೆ ಬದಲಿಗೆ ಕಡಲ ದಂಡೆಯ ಕೋಣೆ ಸಿಗುತ್ತದೆ. ತಡವಾದರೆ ಯಾರಿಗೂ ಬೇಡದ್ದು ನಮ್ಮ ಪಾಲಿಗೆ. ಹೋದ ಸಲ ನಿನ್ನ 'ನೋಡೋಣ, ನೋಡೋಣ'ದಿಂದ ಸಿಕ್ಕ ಮಹಡಿಯ ಕೋಣೆಯಲ್ಲಿ ಕಿಟಕಿ ತೆರೆದರೆ ಲಾಂಡ್ರಿಯ ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಮೆಟ್ಟಿಲು ಇಳಿಯಲಾಗದ ಅಮ್ಮ ಏಳು ದಿನವೂ ಅದನ್ನೇ ನೋಡುತ್ತ ಕೂತಳು.

ಈ ಸಲ ಬೇಗ ಹಾಕೋಣವೆಂದು ಭಾನುವಾರ ಫೋನ್ ಮಾಡಿದೆ. ನೀನು ಅಂದೆ: "ಈಗಲೇ ಏನವಸರ? ಅಮ್ಮ ಅಲ್ಲೀವರೆಗೂ ಇರ್ತಾಳೋ ಇಲ್ವೋ ನೋಡ್ಕೊಂಡು ಹಾಕೋಣ. ಇಲ್ದಿದ್ರೆ ನಾವೇ ಬೆಟ್ಟಕ್ಕೆ ಹೋದ್ರಾಯ್ತು."

ನನ್ನ ಕೈಯೆಲ್ಲ ಹಿಟ್ಟಾಗಿತ್ತು, ಫೋನ್ ಸ್ಪೀಕರಿನಲ್ಲಿತ್ತು. ಅಮ್ಮ ಪಕ್ಕದಲ್ಲೇ ಬಟಾಣಿ ಬಿಡಿಸುತ್ತಿದ್ದಳು.

ಥೂ! ಒಂದೇ ಹೊಟ್ಟೆಯಲ್ಲಿ ಹುಟ್ಟಿದೆವಲ್ಲ ಎಂದು ನನಗೆ ಮೈಯೆಲ್ಲ ಉಜ್ಜಿ ತೊಳೆಯಬೇಕೆನಿಸಿತು.

ಅಮ್ಮ ಅಳಲಿಲ್ಲ. ಮಡಿಲಿನ ಸಿಪ್ಪೆ ಕೊಡವಿ ಕನ್ನಡಕ ಕೇಳಿದಳು. "ಬರೋ ವರ್ಷದ್ದೂ ಹಾಕು, ಅದರಾಚೆ ವರ್ಷದ್ದೂ ಹಾಕು" ಎಂದು ಎರಡೂ ಡೆಪಾಸಿಟ್ ಅರ್ಜಿಗೆ ಸಹಿ ಮಾಡಿದಳು. ಕೋಣೆಯಲ್ಲಿ ತಂಗುವ ಇಬ್ಬರ ಹೆಸರನ್ನು ಕಂಪನಿಯವರು ಕೇಳಿದ್ದರು. ಅವಳದ್ದು, ನನ್ನದು ಕೊಟ್ಟಿದ್ದೇನೆ.

ನೀನು ಒಯ್ದಿರುವ ಅವಳ ಚಕ್ರದ ಸೂಟ್‌ಕೇಸನ್ನು ಈ ವಾರವೇ ಕಳಿಸು. ಅಮ್ಮ ಒಂದೇ ಮಾತು ಸೇರಿಸಲು ಹೇಳಿದ್ದಾಳೆ: "ತೊಳೆದು ಕಳಿಸಲಿ."

ಇಂತಿ,
ಬೇರೆ ದಾರಿಯಿಲ್ಲದೆ ನಿನ್ನ ತಂಗಿ