ಸೋಮವಾರದ ವಾಕ್ಯ

೧೪ ಮಾರ್ಚ್, ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಕೈ ಸೇರಿ ತಿಂಗಳ ಮೇಲಾಯಿತು. ಬೈದುಕೋ, ಆದರೆ ಅರ್ಧ ಮಾತ್ರ, ಉಳಿದರ್ಧ ಅಂಚೆಯವರಿಗೆ. ನಮ್ಮ ಮನೆಗೆ ಈಗ ಕಾಗದಗಳು ಒಡೆದೇ ಬರುತ್ತವೆ. ಅದಕ್ಕೇ ಇದನ್ನು ಕೆಳಗಿನ ಮನೆಯ ಹೊಲಿಗೆ ಅತ್ತೆಯ ಕೈಯಲ್ಲಿ ಕಳಿಸುತ್ತಿದ್ದೇನೆ. ಮಗಳನ್ನು ನೋಡಲು ನಿಮ್ಮೂರಿಗೆ ಬರುತ್ತಿದ್ದಾರೆ.

ಆ ಪದ್ಯಗಳಿಗಾಗಿ ನಾಲ್ಕು ವರ್ಷ ಜೈಲಿನಲ್ಲಿದ್ದು ಅಪ್ಪ ಹೊರಬಂದು ಎಂಟು ತಿಂಗಳಾಯಿತು. ಮೊಣಕಾಲು ನೋವು ಬಿಟ್ಟರೆ ಆರೋಗ್ಯವಾಗಿದ್ದಾರೆ. ಎದುರು ಅಂಗಡಿಯ ಬೆಂಚಿನ ಮೇಲೆ ಈಗಲೂ ಒಬ್ಬ ಕೂತಿರುತ್ತಾನೆ, ಕೊಡೆ ಹಿಡಿದು, ಬಿಸಿಲಿರಲಿ ಇಲ್ಲದಿರಲಿ. ಅಪ್ಪ ಅವನಿಗೆ 'ನಮ್ಮ ಓದುಗ' ಎಂದು ಹೆಸರಿಟ್ಟಿದ್ದಾರೆ. "ಪುಸ್ತಕ ಮಾರಾಟಕ್ಕಿದ್ದಾಗ ಒಬ್ಬನಾದ್ರೂ ಹೀಗೆ ಕಾದು ಕೂತಿದ್ನೇನೆ?" ಎನ್ನುತ್ತಾರೆ.

ಶಾಲೆಯ ಕೆಲಸ ನನಗೆ ಸಿಗಲಿಲ್ಲ. ಮುಖ್ಯೋಪಾಧ್ಯಾಯಿನಿ ಅಂಕಪಟ್ಟಿಯನ್ನು ಎರಡು ಸಲ ಓದಿ, "ಎಲ್ಲಾ ಚೆನ್ನಾಗಿದೆ ಕಣಮ್ಮ, ತಂದೆ ಹೆಸರೊಂದು..." ಎಂದು ಕಿಟಕಿಯತ್ತ ನೋಡಿದರು. ನನಗೆ ಉತ್ತರ ಹೊಳೆದದ್ದು ಮೆಟ್ಟಿಲಿಳಿದ ಮೇಲೆ, ಎಂದಿನಂತೆ. ಈಗ ಅತ್ತೆಯ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿಯ ಕಾಜಾ ಹಾಕುತ್ತೇನೆ. "ಎಂ.ಎ. ಓದಿದ ಕಾಜಾ ನೋಡಿ ಸ್ವಾಮಿ" ಎಂದು ಅವರು ಗಿರಾಕಿಗಳಿಗೆ ಅಂಗಿ ಎತ್ತಿ ತೋರಿಸುತ್ತಾರೆ, ನಾನು ಸೂಜಿ ಹುಡುಕುವವಳಂತೆ ಮೇಜಿನಡಿಗೆ ಬಗ್ಗುತ್ತೇನೆ.

ಸೋಮವಾರಗಳದ್ದೇ ಒಂದು ಕ್ರಮ. ಹತ್ತು ಗಂಟೆಗೆ ಅಪ್ಪ ಠಾಣೆಗೆ ಹೋಗಿ, ಅಲ್ಲಿನ ದಪ್ಪ ಪುಸ್ತಕದಲ್ಲಿ 'ಈ ವಾರ ನಾನು ಏನನ್ನೂ ಬರೆದಿಲ್ಲ' ಎಂದು ಸ್ವಂತ ಕೈಯಿಂದ ಬರೆದು ಸಹಿ ಹಾಕಬೇಕು. ಅದೇ ಹೊತ್ತಿಗೆ ಇಬ್ಬರು ಬಂದು ಮನೆ ಜಾಲಾಡುತ್ತಾರೆ. ಹಿಟ್ಟಿನ ಡಬ್ಬವನ್ನೂ ಬಿಡುವುದಿಲ್ಲ. ಅಷ್ಟರಲ್ಲಿ ಅಪ್ಪನ ನೀಲಿ ನೋಟ್‌ಬುಕ್ಕು ಕತ್ತರಿಸದ ಬಟ್ಟೆಯೊಳಗೆ ಸುತ್ತಿಕೊಂಡು ನನ್ನ ಜೊತೆ ಕೆಳಗಿಳಿದಿರುತ್ತದೆ. ಅತ್ತೆ ಅದರ ಮೇಲೆ ಟೇಪು, ಕತ್ತರಿ ಹೇರುತ್ತಾರೆ. "ನಿಮ್ಮಪ್ಪನ ಪದ್ಯಕ್ಕೆ ನಾನೇ ಲೈನಿಂಗು ಕಣೆ!"

ಠಾಣೆಯಿಂದ ಬಂದ ಅಪ್ಪ ಚಪ್ಪಲಿ ಬಿಡುತ್ತಾ ಕಣ್ಣು ಮಿಟುಕಿಸುತ್ತಾರೆ. "ಸರ್ಕಾರಕ್ಕೆ ನಾನು ಹೇಳಿರೋದು ಇದೊಂದೇ ಸುಳ್ಳು. ವಾರಕ್ಕೊಂದ್ಸಲ ಹೇಳ್ತೀನಿ." ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು ಬರೆಯಲು ಕೂರುತ್ತಾರೆ. ನಾನು ರೇಡಿಯೊ ಸಣ್ಣದು ಮಾಡುತ್ತೇನೆ.

ನೋಟ್‌ಬುಕ್ಕು ಕಳಿಸು, ಇಲ್ಲಿ ಅಚ್ಚು ಹಾಕಿಸುತ್ತೇನೆ, ಆಗದಿದ್ದರೆ ಎರಡು ಪದ್ಯವನ್ನಾದರೂ ನಕಲು ಮಾಡು ಎಂದು ಹೋದ ಸಲ ಅತ್ತೆ ಬಂದಾಗ ಅವರ ಬಾಯಲ್ಲಿ ಹೇಳಿ ಕಳಿಸಿದ್ದೀಯ. ಸದ್ಯಕ್ಕೆ ಬೇಡ ಅಕ್ಕ. ಅಪ್ಪ ಇನ್ನೂ ತಿದ್ದುತ್ತಿದ್ದಾರೆ ಎಂದು ಪ್ರೆಸ್ಸಿನವರಿಗೆ ಹೇಳು.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ಅವಳು ಬರೆದ ಬೆಕ್ಕಿನ ಚಿತ್ರ ಅಪ್ಪನ ಮೇಜಿನ ಮೇಲಿದೆ; ಜಾಲಾಡುವವರು ಅದರ ಹಿಂಬದಿಯನ್ನೂ ನೋಡಿದರು. ನಿಮ್ಮ ಮನೆಗೆ ಬರುವ ಕಾಗದಗಳೆಲ್ಲ ಯಾವಾಗಲೂ ಅಂಟಿದ ಹಾಗೇ ಬರಲಿ.

ನಿನ್ನ
ಮೂಗಿ ತಂಗಿ

ಅಂಟಿಸುವ ಮೊದಲು: ಮೇಲೆ ನಿನಗೆ ನಿಜ ಹೇಳಲಿಲ್ಲ. ಮೊನ್ನೆ ಸೋಮವಾರ, ನೀನು ಕೇಳಿದ್ದೀಯಲ್ಲ ಎಂದು, ಅಂಗಡಿಯಲ್ಲಿ ಬಿಳಿ ಹಾಳೆ ಇಟ್ಟುಕೊಂಡು ಮೊದಲ ಸಲ ನೋಟ್‌ಬುಕ್ಕು ತೆರೆದೆ. ಪ್ರತಿ ಪುಟದ ತಲೆಯಲ್ಲೂ ಅಪ್ಪನ ದುಂಡು ಅಕ್ಷರದಲ್ಲಿ ತಾರೀಕು ಇದೆ. ಎಂಟು ತಿಂಗಳಲ್ಲಿ ಒಂದು ದಿನವೂ ತಪ್ಪಿಲ್ಲ. ಅದರ ಕೆಳಗೆ ಏನೂ ಇಲ್ಲ.

"ಚೆನ್ನಾಗಿದ್ಯೇನೆ?" ಎಂದರು ಅತ್ತೆ. "ತುಂಬಾ" ಎಂದೆ.

ಠಾಣೆಯ ಪುಸ್ತಕದಲ್ಲಿ ಅಪ್ಪ ಬರೆಯುತ್ತಿರುವ ವಾಕ್ಯವೇ ನಿಜ. ಅದು ಠಾಣೆಯವರಿಗೆ ಗೊತ್ತಾಗುವುದು ಬೇಡ, ನಾನು ನೋಡಿದ್ದು ಅಪ್ಪನಿಗೂ. ಓದಿದ ಮೇಲೆ ಇದನ್ನು ಹರಿದುಹಾಕು. ಬರುವ ಸೋಮವಾರವೂ ನೋಟ್‌ಬುಕ್ಕನ್ನು ಬಟ್ಟೆಯಲ್ಲಿ ಸುತ್ತಿ ಕೆಳಗೆ ಒಯ್ಯುತ್ತೇನೆ.