ನನ್ನ ಮುಖದ ಕೆಳಗೆ ನಾನಾಡದ ಮಾತು

‘ಮತದಾರರ ಚಾವಡಿ’ ಅಭಿಯಾನದ ಮುಖ್ಯಾಧಿಕಾರಿಗಳಿಗೆ, ದಾವಣಗೆರೆ

ಮಾನ್ಯರೇ,

ನನ್ನ ಮುಖ ನನಗೆ ವಾಪಸ್ ಕೊಡಿ. ಇಲ್ಲವೇ ಅದರ ಕೆಳಗೆ ನಾನು ಆಡಿದ ಮಾತನ್ನೇ ಬರೆಸಿ. ಎರಡರಲ್ಲಿ ಒಂದು ಆಗುವ ತನಕ ನಿಮ್ಮನ್ನು ಬಿಡುವವನಲ್ಲ. ಪತ್ರದ ಕೊನೆಗೆ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಟ್ಟೆ. ನಿಮ್ಮ ಕಚೇರಿಯಲ್ಲಿ ಯಾವ ಪತ್ರವನ್ನೂ ಕೊನೆಯವರೆಗೆ ಓದುವುದಿಲ್ಲ ಎಂದು ಕೇಳಿದ್ದೇನೆ.

ನಾನು ಯಾರೆಂದು ಹುಡುಕುವ ಕಷ್ಟ ನಿಮಗಿಲ್ಲ. ದಾವಣಗೆರೆಯಿಂದ ಹರಿಹರದವರೆಗೆ ಹಳೇ ಪಿ.ಬಿ. ರಸ್ತೆಯ ಕಂಬಗಳಲ್ಲಿ ನೇತಾಡುತ್ತಿರುವ ಹುಡುಗ ನಾನೇ. ಬಲಗೈ ಎತ್ತಿದ್ದೇನೆ, ಬಾಯಿ ಅರ್ಧ ತೆರೆದಿದ್ದೇನೆ. ನನ್ನ ಅಂಗಿಯ ಹರಿದ ಕಾಲರನ್ನು ನಿಮ್ಮ ಕಂಪ್ಯೂಟರಿನವರು ಹೊಲಿದುಕೊಟ್ಟಿದ್ದಾರೆ, ಅದಕ್ಕೆ ಕೃತಜ್ಞತೆಗಳು. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿದೆ: ‘ಜಾತಿ ಬೇಡ, ಜಗಳ ಬೇಡ, ಅಭಿವೃದ್ಧಿಯೇ ನನ್ನ ಆಯ್ಕೆ — ಯುವ ಮತದಾರ ತಿಮ್ಮೇಶ್.’ ಮುಖ ನನ್ನದು, ಹೆಸರೂ ನನ್ನದು. ಮಾತು ಯಾರದ್ದು ಸ್ವಾಮಿ?

ಇದು ಬಹಿರಂಗ ಪತ್ರ, ಎಲ್ಲರೂ ಓದಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಪಾಲಿಕೆ, ನಗರಸಭೆ ಚುನಾವಣೆ ಬರುತ್ತಿದೆ ಎಂದು ನೀವು ಒಂದು ಭಾನುವಾರ ದಾವಣಗೆರೆಯ ಕಲ್ಯಾಣ ಮಂಟಪದಲ್ಲಿ ಚಾವಡಿ ಸೇರಿಸಿದಿರಿ. ‘ಯಾವ ಸಾಮಾಜಿಕ ವಿಷಯಕ್ಕೆ ಮೊದಲ ಸ್ಥಾನ? ನೀವೇ ಹೇಳಿ!’ ಎಂಬ ಬೋರ್ಡನ್ನು ಹಿಂದಿನ ದಿನ ವೇದಿಕೆಗೆ ಕಟ್ಟಿದವನು ನಾನು. ಹಿದಾಯತಣ್ಣನ ಫ್ಲೆಕ್ಸ್ ಅಂಗಡಿಯಲ್ಲಿ ನನಗೆ ಕಟ್ಟುವ ಕೆಲಸ. ನಾಯಕರ ಹುಟ್ಟುಹಬ್ಬ, ಅದೇ ನಾಯಕರ ಶ್ರದ್ಧಾಂಜಲಿ, ಸೀರೆ ಅಂಗಡಿಯ ರಿಯಾಯಿತಿ, ಯಾವುದಾದರೂ ಸರಿ, ಕಂಬ ಹತ್ತುತ್ತೇನೆ. ಫ್ಲೆಕ್ಸ್ ಹಾಕಬಾರದು ಎನ್ನುವ ಫ್ಲೆಕ್ಸನ್ನೂ ಕಟ್ಟಿದ್ದೇನೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು, ಮುಂದಿನ ಕನ್ನಡವನ್ನು ಕಂಬದ ಮೇಲೆ ಕಲಿತೆ. ಇಲ್ಲಿ ತಪ್ಪುಗಳಿದ್ದರೆ ತಿದ್ದಿಕೊಳ್ಳಿ. ಬೇರೆಯವರ ಮಾತು ತಿದ್ದುವುದರಲ್ಲಿ ನೀವು ನಿಸ್ಸೀಮರು.

‘ನೀವೇ ಹೇಳಿ’ ಎಂದು ಬರೆದಿದ್ದನ್ನು ನಾನು ನಂಬಿದೆ. ಮನೆಗೆ ಹೋಗಿ ತಂಗಿ ಸುಧಾಳಿಗೆ, “ನಾಳೆ ದೊಡ್ಡ ಸಾಹೇಬ್ರು ಬರ್ತಾರೆ, ನಿನ್ನ ಸ್ಕೂಲಿನ ವಿಷಯ ಅವರ ಮುಂದೆ ಹೇಳ್ತೀನಿ” ಎಂದೆ. ಸುಧಾ ನಾಲ್ಕನೇ ತರಗತಿ. ಅಥವಾ ಆಗಿನ್ನೂ ನಾಲ್ಕನೇ ತರಗತಿಯಲ್ಲಿದ್ದಳು. ಅಕ್ಕ ನೇತ್ರಾವತಿಗೆ ಕೂಸು ಹುಟ್ಟಿತ್ತು. ಅವಳ ಮನೆ ಹರಿಹರದಲ್ಲಿ, ಕೆಲಸ ಕರೂರು ಕೈಗಾರಿಕಾ ಪ್ರದೇಶದ ಒಂದು ಚೀಲ ಹೊಲಿಯುವ ಶೆಡ್ಡಿನಲ್ಲಿ, ಗಂಡ ಲಾರಿಯ ಮೇಲೆ. ಇನ್ನೂ ರಜೆ ಎಂದರೆ ಬೇರೆಯವಳನ್ನು ಸೇರಿಸಿಕೊಳ್ಳುತ್ತೇವೆ ಎಂದು ಶೆಡ್ಡಿನವರು ಹೇಳಿ ಕಳಿಸಿದ್ದರು. ಕೂಸನ್ನು ನೋಡಿಕೊಳ್ಳಲು ಸುಧಾ ಹರಿಹರಕ್ಕೆ ಹೋಗಲಿ ಎಂದು ಅವ್ವ ನಿಶ್ಚಯ ಮಾಡಿದ್ದಳು. ನಾನು ರೇಗಿದ್ದಕ್ಕೆ ಅವಳು ಹೇಳಿದ್ದು, “ಸ್ವಲ್ಪ ದಿನ ಕಣೋ. ಕೂಸು ನಡೆಯೋತನಕ.”

ಆ ‘ಸ್ವಲ್ಪ ದಿನ’ ನನಗೆ ಗೊತ್ತು. ಸುಧಾ ಹುಟ್ಟಿದಾಗ ನನಗೂ ಅವ್ವ ಅದನ್ನೇ ಹೇಳಿದ್ದಳು. ಅಪ್ಪ ತೀರಿಕೊಂಡಿದ್ದ. ಅವ್ವ, ಅಕ್ಕ ಇಬ್ಬರೂ ದುಡಿಯಲು ಹೋಗುತ್ತಿದ್ದರು, ದುಡಿಮೆ ಇಲ್ಲದವನು ನಾನೊಬ್ಬನೇ. ಕೂಸು ಆಡಿಸಲು ಕೂತೆ. ಶಾಲೆಯ ಗೆಳೆಯರು ಸಂಜೆ ಬಾಗಿಲಲ್ಲಿ ನಿಂತು, “ಏನ್ಲೇ ತಿಮ್ಮಕ್ಕ, ಹಾಲು ಕುಡಿಸಿದ್ಯಾ?” ಎಂದು ಕೂಗುತ್ತಿದ್ದರು. ಅವರಲ್ಲಿ ಇಬ್ಬರ ಮೂಗು ಒಡೆದೆ. ಸುಧಾ ನಡೆಯಲು ಕಲಿಯುವ ಹೊತ್ತಿಗೆ ನನ್ನ ಕ್ಲಾಸಿನವರು ಎಸ್ಸೆಸ್ಸೆಲ್ಸಿ ಮುಗಿಸಿದ್ದರು. ನಾನು ತಿರುಗಿ ಹೋಗಲಿಲ್ಲ, ಯಾರೂ ಕರೆಯಲಿಲ್ಲ. ಸರ್ಕಾರದ ಲೆಕ್ಕದಲ್ಲಿ ನಾನು ‘ಶಾಲೆ ಬಿಟ್ಟ ಮಗು’. ನಾನು ಬಿಟ್ಟೆನೇ, ಬಿಡಿಸಿದರೇ, ಯಾಕೆ ಎಂದು ಕೇಳುವ ಜಾಗ ಆ ಲೆಕ್ಕದಲ್ಲಿ ಇಲ್ಲವೇನೋ.

ಚಾವಡಿಯಲ್ಲಿ ಮಾತು ಜೋರಾಗಿಯೇ ನಡೆಯಿತು, ಅದನ್ನು ಅಲ್ಲಗಳೆಯುವುದಿಲ್ಲ. ನೀವು ವಧೂವರರ ಕುರ್ಚಿಯಲ್ಲಿ ಕೂತು ಮುಗುಳ್ನಗುತ್ತಿದ್ದಿರಿ. ಬಟ್ಟೆ ಅಂಗಡಿಯ ಬಕ್ಕೇಶಪ್ಪನವರು ಎದ್ದು, ಗಿರಾಕಿ ಗಾಡಿ ನಿಲ್ಲಿಸಲು ಜಾಗವಿಲ್ಲದ ಊರಿನಲ್ಲಿ ಬೇರೆ ಯಾವ ವಿಷಯ ಎತ್ತಿದರೂ ದಂಡ ಎಂದರು. ಮಿರ್ಚಿ ಗಾಡಿಯ ಯಲ್ಲಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. “ಗಾಡಿ ಎಲ್ಲಾದ್ರೂ ನಿಲ್ತಾವ್ರಿ. ಪೆಟ್ಟಿಗೆ ಅಂಗಡ್ಯಾಗೆ ಹೆಂಡ ಮಾರ್ತಾರಲ್ಲ, ಅದನ್ನ ಮೊದ್ಲು ನಿಲ್ಲಿಸ್ರಿ.”

ಹಿಂದಿನಿಂದ ಯಾರೋ, “ಅದು ನಿಂತ್ರೆ ನಿನ್ ಮಿರ್ಚಿ ಯಾರು ತಿಂತಾರೆ ಯಲ್ಲಕ್ಕ?” ಎಂದರು.

“ನೀನು ಒಂದಿನ ಕುಡೀದೆ ಬಾ, ಪುಕ್ಕಟೆ ಕೊಡ್ತೀನಿ. ಆಮ್ಯಾಲೆ ನನ್ನ ಗುರ್ತು ಹಿಡೀತೀಯೋ ಇಲ್ಲೋ ನೋಡಾನ.”

ಇಡೀ ಮಂಟಪ ನಕ್ಕಿತು, ನೀವೂ ನಕ್ಕಿರಿ. ಆಮೇಲೆ ನಾನು ಎದ್ದೆ. ಇಲ್ಲಿ ಬರೆದದ್ದನ್ನೇ ಅಲ್ಲಿ ಹೇಳಿದೆ. ದುಡಿಯುವ ತಾಯಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳಲು ಒಂದು ಮನೆ ಬೇಕು, ಶಿಫ್ಟ್ ಬಿಡುವವರೆಗೆ ಅದರ ಬಾಗಿಲು ತೆರೆದಿರಬೇಕು ಎಂದೆ. ಅಂಗನವಾಡಿ ಎಳೆಗೂಸನ್ನು ಇಟ್ಟುಕೊಳ್ಳುವುದಿಲ್ಲ, ಇಟ್ಟುಕೊಂಡರೂ ತಾಯಂದಿರ ಶಿಫ್ಟ್ ಮುಗಿಯುವ ಮೊದಲೇ ಬೀಗ ಬೀಳುತ್ತದೆ. ದೊಡ್ಡ ಕಾರ್ಖಾನೆಗೆ ಕೂಸಿನ ಕೋಣೆ ಕಡ್ಡಾಯವಂತೆ, ಸಣ್ಣ ಶೆಡ್ಡುಗಳಿಗೆ ಆ ಕಾನೂನು ಹತ್ತುವುದಿಲ್ಲವಂತೆ. ಹೀಗಾಗಿ ಒಂದು ಕೂಸು ಹುಟ್ಟಿದರೆ ಮನೆಯ ಇನ್ನೊಂದು ಮಗು ಶಾಲೆ ಬಿಡುತ್ತದೆ. “ನಮ್ಮ ಮನ್ಯಾಗೆ ಮೊದ್ಲು ನಾನು ಬಿಟ್ಟೆ, ಈಗ ನನ್ನ ತಂಗಿ ಬಿಡ್ತಾಳೆ. ಇದು ಯಾವ ಪಕ್ಷದ ಪ್ರಣಾಳಿಕೆಯಾಗೈತೆ, ತೋರಿಸ್ರಿ” ಎಂದೆ.

ಬಕ್ಕೇಶಪ್ಪನವರು ಮೃದುವಾಗಿಯೇ ಹೇಳಿದರು, “ಇದು ಮನೆ ವಿಷಯ ಕಣಪ್ಪ. ರಾಜಕೀಯದಾಗೆ ತರೋ ಅಂಥದ್ದಲ್ಲ. ಕೂಸನ್ನ ಅಜ್ಜಿ ನೋಡ್ಕೊಂತಾಳೆ, ಹಿಂದಿನಿಂದ ನಡ್ಕೊಂಡು ಬಂದಿದ್ದು.”

ಯಲ್ಲಕ್ಕ ಮತ್ತೆ ಎದ್ದಳು. “ಸಾವ್ಕಾರ್ರೆ, ಆ ಅಜ್ಜಿ ನಾನೇ! ನಾನು ಕೂಸು ನೋಡ್ತಾ ಕುಂತ್ರೆ ಮಿರ್ಚಿ ನೀವು ಕರೀತೀರೇನು?” ಆಮೇಲೆ ನಿಮ್ಮ ಕಡೆ ತಿರುಗಿ, “ಸಾಹೇಬ್ರೆ, ನಂದು ಹೆಂಡದ ವಿಷಯ ಹಿಂದಕ್ಕೆ ಹಾಕ್ರಿ. ಈ ಹುಡುಗಂದು ಮುಂದಕ್ಕೆ ಹಾಕ್ರಿ” ಎಂದಳು.

ಒಬ್ಬ ಹೆಂಗಸು ತನ್ನ ಜೀವಮಾನದ ಸಿಟ್ಟನ್ನು ಹಿಂದಕ್ಕೆ ಸರಿಸಿ ಬೇರೆಯವರ ಕೂಸಿಗೆ ಜಾಗ ಕೊಟ್ಟಳು. ಯಾವ ವಿಷಯ ದೊಡ್ಡದು ಎಂದು ಮತದಾರರು ಚರ್ಚೆ ಮಾಡುವುದೆಂದರೆ ಇದೇ ಅಲ್ಲವೇ? ಇದನ್ನು ಕೇಳುವುದಕ್ಕೇ ಅಲ್ಲವೇ ನೀವು ಅಷ್ಟು ಕುರ್ಚಿ ಹಾಕಿಸಿದ್ದು? ‘ಇದಕ್ಕೆ ಒಪ್ಪುವವರು ಕೈ ಎತ್ತಿ’ ಎಂದವರು ನೀವೇ. ಕೈಗಳು ಎದ್ದವು. ಹೆಂಗಸರದು ಎದ್ದವು, ಹೆಂಗಸರನ್ನು ನೋಡಿ ಗಂಡಸರದು ಎದ್ದವು, ಕಡೆಗೆ ಬಕ್ಕೇಶಪ್ಪನವರದೂ ಅರ್ಧ ಎದ್ದಿತು. ಬೇರೆ ಯಾವ ವಿಷಯಕ್ಕೂ ಅಷ್ಟು ಕೈ ಎದ್ದಿರಲಿಲ್ಲ. ಆಗ ನಿಮ್ಮ ಫೋಟೋದವರು ಮುಂದೆ ಬಂದು ನನ್ನ ಚಿತ್ರ ತೆಗೆದರು. ಕಂಬದ ಮೇಲಿರುವ ಎತ್ತಿದ ಕೈ ಅದೇ. ನೀವು ನನ್ನ ಭುಜ ತಟ್ಟಿ, “ಬಹಳ ಸ್ಫೂರ್ತಿದಾಯಕ” ಎಂದಿರಿ. ನನ್ನ ಭುಜವನ್ನು ಅಧಿಕಾರಿಯೊಬ್ಬರು ತಟ್ಟಿದ್ದು ಅದೇ ಮೊದಲು. ಆ ರಾತ್ರಿ ಖುಷಿಯಾಗಿ ಊಟ ಮಾಡಿದೆ. ಆ ಖುಷಿಯನ್ನು ನೆನೆದರೆ ಈಗ ನನ್ನ ಮೇಲೇ ಹೇಸಿಗೆ.

ಮುಂದಿನ ವಾರ ನಿಮ್ಮ ಚಾವಡಿಯ ತೀರ್ಮಾನ ಪತ್ರಿಕೆಗಳಲ್ಲಿ ಬಂತು. ಮತದಾರರ ಆದ್ಯತೆ: ರಸ್ತೆ, ಒಳಚರಂಡಿ, ಬೀದಿದೀಪ, ಉದ್ಯಾನವನ, ಇತರೆ. ಉದ್ಯಾನವನ ಕೇಳಿದವರು ಯಾರು? ನಾನು ಮೊದಲಿನಿಂದ ಕೊನೆಯವರೆಗೆ ಅಲ್ಲೇ ಇದ್ದೆ, ಆ ಪದ ನನ್ನ ಕಿವಿಗೆ ಬೀಳಲಿಲ್ಲ. ಎಲ್ಲರ ಕೈ ಎತ್ತಿಸಿದ ವಿಷಯ ‘ಇತರೆ’ ಆಯಿತು. ಯಾರೂ ಕೇಳದ ಹುಲ್ಲುಹಾಸಿಗೆ ಹೆಸರು ಸಿಕ್ಕಿತು.

ಆಮೇಲೆ ಫ್ಲೆಕ್ಸ್ ಬಂತು. ಹಿದಾಯತಣ್ಣ ಸುರುಳಿಗಳನ್ನು ಗಾಡಿಗೆ ಹಾಕುತ್ತ ನಗುತ್ತಿದ್ದ. ಯಾಕೆಂದು ಹೇಳಲಿಲ್ಲ. ಮೊದಲನೇ ಕಂಬ ಹತ್ತಿ ಸುರುಳಿ ಬಿಚ್ಚಿದರೆ ನನ್ನ ಮೂಗು, ನನ್ನ ಬಾಯಿ! “ನಿನ್ ಮುಖ ನೀನೇ ಕಟ್ಟು, ಈ ನಸೀಬ್ ಯಾರಿಗೈತಲೇ?” ಎಂದು ಕೆಳಗಿನಿಂದ ಕೂಗಿದ. ಕೆಳಗಿನ ಸಾಲನ್ನು ಓದಿ ನನ್ನ ಕೈ ಹಗ್ಗದ ಮೇಲೆ ನಿಂತಿತು. ಕೆಲಸ ಬಿಟ್ಟರೆ ಅವನ ಗುತ್ತಿಗೆ ಹೋಗುತ್ತದೆ. ಕಟ್ಟಿದೆ. ನೀವು ನನ್ನ ಬಾಯಿಗೆ ತುರುಕಿದ ಸುಳ್ಳಿಗೆ ನಾನೇ ಗಂಟು ಹಾಕಿದೆ, ಕಂಬದಿಂದ ಕಂಬಕ್ಕೆ.

ಯಲ್ಲಕ್ಕ ಮಿರ್ಚಿ ಬಾಣಲೆಯಿಂದ ಕಣ್ಣೆತ್ತದೆ ಹೇಳಿದಳು, “ನಿನ್ ಮಾತು ನಂಬಿ ನನ್ ಮಾತು ಬಿಟ್ಟೆ ಕಣೋ. ನೀನು ನೋಡಿದ್ರೆ ಅವರ ಕಂಬ ಹತ್ತಿ ಕುಂತಿ.” ಅವ್ವನಿಗೆ ಓದಲು ಬಾರದು. ಅವಳು ಕರೂರಿನ ತಿರುವಿನಲ್ಲಿ ಬಸ್ಸಿನ ಕಿಟಕಿಯಿಂದ ನನ್ನನ್ನು ಎಲ್ಲರಿಗೂ ತೋರಿಸಿದಳಂತೆ. “ನನ್ ಮಗ! ಈ ಉಚ್ಚೆಂಗೆಮ್ಮನ ಮಗ!” ಇದೂ ನಿಮ್ಮ ಖಾತೆಗೇ ಸೇರಬೇಕು. ಸುಳ್ಳಿನ ಮುಂದೆ ನನ್ನ ಅವ್ವ ಹೆಮ್ಮೆ ಪಟ್ಟಳು.

ಆದರೆ ಹರಿಹರದ್ದನ್ನು ನಾನು ಮರೆಯುವುದಿಲ್ಲ, ನಿಮಗೂ ಮರೆಯಲು ಬಿಡುವುದಿಲ್ಲ. ಅಕ್ಕನ ಓಣಿಯ ಬಾಯಲ್ಲಿ ಕಟ್ಟುತ್ತಿದ್ದೆ. ಕೆಳಗೆ ಸುಧಾ ಬಂದು ನಿಂತಳು. ಆಗಲೇ ಅವಳನ್ನು ಕಳಿಸಿ ಕೆಲವು ದಿನವಾಗಿತ್ತು. ಸೊಂಟದ ಮೇಲೆ ಕೂಸು. ಅದರ ಭಾರಕ್ಕೆ ಒಂದು ಕಡೆ ವಾಲಿಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ಜೋರಾಗಿ ಓದಿದಳು. “ಅ-ಭಿ-ವೃ-ದ್ಧಿ-ಯೇ.” ಒತ್ತಕ್ಷರದಲ್ಲಿ ಒಮ್ಮೆ ತಡವರಿಸಿದಳು. ಶಾಲೆಯಲ್ಲಿದ್ದಿದ್ದರೆ ತಡವರಿಸುತ್ತಿರಲಿಲ್ಲ. ಓದಿ ಮುಗಿಸಿ ತಲೆ ಎತ್ತಿದಳು.

“ಅಣ್ಣಾ, ನನ್ ಸ್ಕೂಲಿನ ವಿಷ್ಯ ಹೇಳ್ತೀನಿ ಅಂದಿದ್ಯಲ್ಲ. ಹೇಳ್ಲೇ ಇಲ್ವಾ?”

ಇದಕ್ಕೆ ನಿಮ್ಮ ಹತ್ತಿರ ಉತ್ತರವಿದ್ದರೆ ಕೊಡಿ. ನಾನು ಕಂಬದಿಂದ ಇಳಿದೆ. ಹಿದಾಯತಣ್ಣನ ಗಾಡಿಯಲ್ಲಿ ಕೆಂಪು ಎನಾಮಲ್ ಬಣ್ಣದ ಡಬ್ಬಿ ಇತ್ತು. ಅವಳ ಕಣ್ಣೆದುರಿಗೇ ನಿಮ್ಮ ಸಾಲನ್ನು ಬಳಿದು ಮುಚ್ಚಿ ಅದರ ಕೆಳಗೆ ನನ್ನದನ್ನು ಬರೆದೆ: ‘ಕೂಸು ನೋಡೋಕೆ ಮನೆ ಕೊಡ್ರಿ, ನನ್ನ ತಂಗಿ ಶಾಲೆಗೆ ಹೋಗಲಿ.’ ಅವಳು ಅದನ್ನೂ ಓದಿದಳು, ಎಲ್ಲೂ ತಡವರಿಸಲಿಲ್ಲ. ಕರೂರಿನವರೆಗೆ ವಾಪಸ್ ಬರುತ್ತ ಕಂಬ ಕಂಬಕ್ಕೂ ಹತ್ತಿ ಅದನ್ನೇ ಬರೆದೆ. ಬಣ್ಣ ಖಾಲಿಯಾಯಿತು, ಇಲ್ಲದಿದ್ದರೆ ನಿಮ್ಮ ಕಚೇರಿಯ ಗೇಟಿನವರೆಗೂ ಬರುತ್ತಿದ್ದೆ.

ಮಾರನೇ ದಿನ ನೀವು ನನ್ನನ್ನು ಕರೆಸಿದಿರಿ. ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ್ದೀಯ ಎಂದಿರಿ. “ಯಾವ ಆಸ್ತಿ ಸಾರ್, ನನ್ ಮುಖಾನಾ?” ಎಂದೆ. ನೀವು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಇಷ್ಟು ಹಗೆ ಉಳಿಯುತ್ತಿರಲಿಲ್ಲ. ಚಹಾ ತರಿಸಿ, “ನೋಡಪ್ಪ, ಜನರಿಗೆ ಸಕಾರಾತ್ಮಕ ಸಂದೇಶ ಹೋಗಬೇಕು. ನಿನ್ನ ವಿಷಯವೂ ಅಭಿವೃದ್ಧಿಯಲ್ಲೇ ಬರುತ್ತಲ್ಲ?” ಎಂದಿರಿ. ಬರುತ್ತದೆಯೇ? ಹಾಗಿದ್ದರೆ ಉದ್ಯಾನವನವೂ ಅದರಲ್ಲೇ ಬರುತ್ತಿತ್ತು, ಅದನ್ನೇಕೆ ಬೇರೆ ಬರೆಸಿದಿರಿ? ಸಂಜೆಯೊಳಗೆ ಹಿದಾಯತಣ್ಣನ ಗುತ್ತಿಗೆ ರದ್ದಾಯಿತು. “ನನ್ ಹೊಟ್ಟೆ ಮ್ಯಾಲೆ ಹೊಡೆದ್ಯಲ್ಲೋ” ಎಂದು ಅವನು ನನ್ನನ್ನು ಕೆಲಸದಿಂದ ಬಿಡಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಪಾಲಿನದನ್ನೂ ಸೇರಿಸಿ ನಿಮ್ಮ ಮೇಲೆ ಇಟ್ಟುಕೊಂಡಿದ್ದೇನೆ. ಈಗ ಆ ಕಂಬಗಳ ಮೇಲೆ ಹೊಸ ಫ್ಲೆಕ್ಸ್ ಬಂದಿವೆ. ಅದೇ ಮುಖ, ಅದೇ ಸುಳ್ಳು. ಈ ಸಲ ಇನ್ನೂ ಎತ್ತರಕ್ಕೆ ಕಟ್ಟಿಸಿದ್ದೀರಿ.

ನನ್ನ ಕೆಲಸ ಕಿತ್ತು ನೀವು ಒಂದು ತಪ್ಪು ಮಾಡಿದಿರಿ. ನನಗೆ ಪುರುಸೊತ್ತು ಕೊಟ್ಟಿರಿ. ಸೋಮವಾರದಿಂದ ಸುಧಾ ತನ್ನ ಶಾಲೆಯಲ್ಲಿದ್ದಾಳೆ. ಅವಳ ಬದಲು ನಾನು ಹರಿಹರದಲ್ಲಿದ್ದೇನೆ, ಕೂಸು ನನ್ನ ಹತ್ತಿರ ಇದೆ. “ಗಂಡಾಳು ದುಡಿಯೋದು ಬಿಟ್ಟು ಮತ್ತೆ ಕೂಸು ಆಡಿಸ್ತೀಯಾ?” ಎಂದು ಅವ್ವ ಅತ್ತಳು. ಹೌದು, ಮತ್ತೆ ಆಡಿಸುತ್ತೇನೆ. ಮೊದಲ ಸಲ ನಾಚಿಕೆಯಿಂದ ಬಾಗಿಲು ಹಾಕಿಕೊಂಡು ಆಡಿಸಿದ್ದೆ. ಈ ಸಲ ಬೀದಿಯಲ್ಲಿ ಎತ್ತಿಕೊಂಡು ತಿರುಗುತ್ತೇನೆ. ಇದನ್ನು ತ್ಯಾಗ ಎಂದು ಇನ್ನೊಂದು ಫ್ಲೆಕ್ಸ್ ಮಾಡಿಸಬೇಡಿ. ನಾನು ಇವತ್ತಲ್ಲ ನಾಳೆ ದುಡಿಯಲೇಬೇಕು. ಅವತ್ತು ಸುಧಾಳ ಶಾಲೆಯ ಚೀಲ ಮತ್ತೆ ಗೂಟಕ್ಕೆ ಬೀಳುತ್ತದೆ.

ಕೂಸು ಎತ್ತಿಕೊಂಡು ತಿರುಗುವವನ ಜೊತೆ ಹೆಂಗಸರು ಮಾತಾಡುತ್ತಾರೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಮುಂದಿನ ಚಾವಡಿ ಹರಿಹರದಲ್ಲಿ, ಬುಧವಾರ, ಶಿಫ್ಟ್ ಇರುವ ದಿನ. ದುಡಿಯುವವರು ಬರಬಾರದೆಂದೇ ಆ ದಿನ ಆರಿಸಿದಿರೋ ಏನೋ. ಬರುತ್ತಾರೆ. ಅಕ್ಕ ಬರುತ್ತಾಳೆ, ಅವಳ ಜೊತೆ ಬಸ್ಸಿನಲ್ಲಿ ಕರೂರಿಗೆ ಕೆಲಸಕ್ಕೆ ಹೋಗುವವರು ಬರುತ್ತಾರೆ, ನಾನು ಹೋಗಿ ಎಲ್ಲ ಹೇಳಿದ ಮೇಲೆ ಯಲ್ಲಕ್ಕನೂ ಮೊಮ್ಮಗನನ್ನು ಎತ್ತಿಕೊಂಡು ದಾವಣಗೆರೆಯಿಂದ ಬರುತ್ತಾಳೆ. ಯಾರೂ ಘೋಷಣೆ ಕೂಗುವುದಿಲ್ಲ. ಕೂಸುಗಳನ್ನು ನಿಮ್ಮ ವೇದಿಕೆಯ ಜಮಖಾನೆಯ ಮೇಲೆ ಮಲಗಿಸಿ ಕೆಲಸಕ್ಕೆ ಹೋಗುತ್ತಾರೆ. ಯಾವುದು ಯಾವಾಗ ಹಾಲು ಕುಡಿಯುತ್ತದೆ, ಯಾವುದು ಯಾಕೆ ಅಳುತ್ತದೆ ಎಂದು ಹೇಳಿಕೊಡಲು ನಾನು ನಿಮ್ಮ ಪಕ್ಕದಲ್ಲೇ ಕೂತಿರುತ್ತೇನೆ. ನನಗೆ ಅನುಭವವಿದೆ. ಶಿಫ್ಟ್ ಬಿಟ್ಟ ಮೇಲೆ ಅವರು ಬಂದು ಕರೆದೊಯ್ಯುತ್ತಾರೆ. ಅಲ್ಲಿಯವರೆಗೆ ಇದು ಮನೆ ವಿಷಯವೋ ರಾಜಕಾರಣದ ವಿಷಯವೋ ಎಂದು ನಿಧಾನವಾಗಿ ಚರ್ಚೆ ಮಾಡೋಣ. ಫೋಟೋದವರನ್ನು ಮರೆಯದೆ ಕರೆಸಿ.

ಅದು ಬೇಡವೆಂದರೆ ಬುಧವಾರದ ಮೊದಲು ಎರಡು ಕೆಲಸ ಮಾಡಿ. ಆದ್ಯತೆಯ ಪಟ್ಟಿಯಲ್ಲಿ ಕೂಸಿನ ಮನೆಯನ್ನು ‘ಇತರೆ’ಯಿಂದ ತೆಗೆದು, ಜನ ಕೈ ಎತ್ತಿ ಇಟ್ಟ ಮೊದಲನೇ ಜಾಗಕ್ಕೆ ತಂದು, ಚುನಾವಣೆಗೆ ನಿಂತವರೆಲ್ಲರಿಗೂ ಕಳಿಸಿ. ನನ್ನ ಮುಖದ ಕೆಳಗೆ ನನ್ನ ಮಾತನ್ನು, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿ. ಕಟ್ಟಲು ಆಳು ಸಿಗದಿದ್ದರೆ ಹೇಳಿ, ಬರುತ್ತೇನೆ. ಕೂಸನ್ನು ಅಷ್ಟು ಹೊತ್ತು ನೀವು ಹಿಡಿದುಕೊಳ್ಳಬೇಕು.

ಇಂತಿ,
ಮೇಲೆ ನಿಮ್ಮ ಕಂಬದಲ್ಲಿ ಕೈ ಎತ್ತಿರುವ, ಕೆಳಗೆ ಎರಡೂ ಕೈಯಲ್ಲಿ ಕೂಸು ಹಿಡಿದಿರುವ
ತಿಮ್ಮೇಶ್
‘ಇತರೆ’ ಮತದಾರ