ಗಿಳಿ ಅಚ್ಚಿನ ಕೌದಿ

ಫೆಬ್ರವರಿ ೧೧, ಅಯೋವಾ

ಹಿಮ ಬಿದ್ದು ಟ್ರ್ಯಾಕ್ಟರ್ ನಿಂತಿದೆ. ಅದಕ್ಕೇ ನನ್ನ ಗಂಡ ವರ್ಲಿನ್‌ನ ಕಣ್ಣು ಇವತ್ತು ಹೊಲಿಗೆ ಮೇಜಿನ ಮೇಲೆ ಬಿತ್ತು. ಮೊಮ್ಮಗಳ ಮದುವೆ ಕೌದಿಗೆಂದು ಗಿಳಿ ಅಚ್ಚಿನ ಬಟ್ಟೆಯನ್ನು ಆರು ಪದರವಾಗಿ, ಗಿಳಿಯ ಮೇಲೆ ಗಿಳಿ ಕೂರಿಸಿ ಕತ್ತರಿಸಿದ್ದೆ. ತದ್ರೂಪು ಆರು ತ್ರಿಕೋನ ಸೇರಿದರೆ ಮಾತ್ರ ಕೆಲಿಡೋಸ್ಕೋಪಿನ ಹೂವು ಅರಳುತ್ತದೆ. ಈ ಪುಣ್ಯಾತ್ಮ ನಾನು ಆರಾರಾಗಿ ಇಟ್ಟಿದ್ದ ಗುಂಪುಗಳನ್ನೆಲ್ಲ ಬೆರೆಸಿ ಒಂದೇ ರಾಶಿ ಮಾಡಿಟ್ಟಿದ್ದಾನೆ.

“ಹರಡ್ಕೊಂಡಿತ್ತು, ಜೋಡಿಸ್ದೆ. ಎಲ್ಲಾ ಒಂದೇ ಬಟ್ಟೆ ತಾನೆ, ಮಾರ್ಲಿಸ್?”

ಒಂದೇ ಬಟ್ಟೆಯಂತೆ! ಆ ಅಚ್ಚು ಈಗ ಯಾವ ಅಂಗಡಿಯಲ್ಲೂ ಇಲ್ಲ. ರಾತ್ರಿ ಊಟವನ್ನು ಅವನೊಬ್ಬನಿಗೇ ಬಡಿಸಿಟ್ಟು ನಾನು ಒಳಗೆ ಹೋದೆ.

ಆಮೇಲೆ ಭೂತಗನ್ನಡಿ ಹಿಡಿದು ರಾಶಿಯ ಮುಂದೆ ಕೂತವನು ಈಗಷ್ಟೇ ಕೂಗಿದ: “ಗಿಳಿ ಕೊಕ್ಕಿರೋ ಆರು ತುಂಡೂ ಸಿಕ್ತು ಕಣೇ, ಬಂದು ನೋಡು.”

ನೋಡಿದೆ. ಹೂವೇ. ಒಂದು ರಾತ್ರಿ ನೆಟ್ಟಗೆ ಸಿಟ್ಟು ಮಾಡಿಕೊಂಡಿರಲೂ ಬಿಡದ ಮನುಷ್ಯ.